ಕುತೂಹಲ ಕೆರಳಿಸುವ ‘ಪೀಕ್’ ಯಾವುದು? ಮೂರು ಪದಗಳ ಪೀಕಲಾಟ

ಇಂಗ್ಲಿಷ್ ಪ್ರಕಟಣೆಯನ್ನು ಕನ್ನಡಕ್ಕೆ ಇಳಿಸುವಾಗ ಒಂದೆರಡು ಅಕ್ಷರಗಳ ವ್ಯತ್ಯಾಸವು ಎಂತಹ ಅನರ್ಥಕ್ಕೆ ಎಡೆಮಾಡಿಕೊಡಬಲ್ಲುದು ಎಂಬುದನ್ನು ಸುದ್ದಿಮನೆಯಲ್ಲಿ ದುಡಿದವರೆಲ್ಲ ಬಲ್ಲರು. ಈ ವರದಿಗಾರನಿಗೆ ಆ ಪಾಠ ದೊರೆತದ್ದು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಡೆಸ್ಕಿಗೆ ಸೇರಿದ ಮೊದಲ ವರ್ಷದಲ್ಲಿ. ಹಳೆಯ ಶಾಸನವೊಂದು ಪತ್ತೆಯಾದ ಬಗ್ಗೆ ಸಂಸ್ಥೆಯೊಂದು ಇಂಗ್ಲಿಷಿನಲ್ಲಿ ಪ್ರಕಟಣೆ ಕಳುಹಿಸಿತ್ತು. ಈ ಶಾಸನವು ವಿದ್ವಾಂಸರ ಆಸಕ್ತಿಯನ್ನು ‘ಪೀಕ್’ ಮಾಡಿದೆ ಎಂಬ ವಾಕ್ಯ ಅದರಲ್ಲಿತ್ತು. ಬರೆದವರು ಬಳಸಿದ್ದು ಶಿಖರ ಎಂಬ ಅರ್ಥದ ಪದ. ಅದನ್ನು ನಂಬಿದ ಈ ವರದಿಗಾರ, ‘ವಿದ್ವಾಂಸರ ಆಸಕ್ತಿ ಉತ್ತುಂಗ ಮುಟ್ಟಿದೆ’ ಎಂದು ಅನುವಾದಿಸಿದ. ಪುಟ ಅಚ್ಚಾಯಿತು.

ಮರುದಿನ ಬೆಳಿಗ್ಗೆ ಪ್ರಕಟಣೆ ಕಳುಹಿಸಿದವರಿಂದಲೇ ದೂರವಾಣಿ ಕರೆ ಬಂತು. ‘ಅಧ್ಯಯನ ಈಗಷ್ಟೇ ಆರಂಭವಾಗಬೇಕಿದೆ. ಎಲ್ಲವೂ ಮುಗಿಯುವ ಹಂತ ತಲುಪಿದೆ ಎಂಬಂತೆ ಬರೆದಿದ್ದೀರಲ್ಲ!’ ಎಂಬುದು ಅವರ ಆಕ್ಷೇಪ. ಅವರ ಮನಸ್ಸಿನಲ್ಲಿದ್ದುದು ‘ಆಸಕ್ತಿ ಕೆರಳಿಸಿದೆ’ ಎಂಬ ಮಾತು. ಕಾಗದದ ಮೇಲೆ ಮೂಡಿದ್ದು ‘ಆಸಕ್ತಿ ಶಿಖರ ಮುಟ್ಟಿದೆ’ ಎಂಬ ಮಾತು. ಮೊದಲನೆಯದು ಆರಂಭವನ್ನು ಸೂಚಿಸಿದರೆ, ಎರಡನೆಯದು ಇಳಿಮುಖಕ್ಕೆ ಮುಂಚಿನ ಘಟ್ಟವನ್ನು ಸೂಚಿಸುತ್ತದೆ. ತಪ್ಪಿನಲ್ಲಿ ಇಬ್ಬರಿಗೂ ಪಾಲಿತ್ತು. ಆದರೆ ಓದುಗರ ಪಾಲಿಗೆ ಅದು ಪತ್ರಿಕೆಯ ತಪ್ಪು.

ಕುತೂಹಲ ಕೆರಳಿಸು ಎಂಬುದಕ್ಕೆ ಇಂಗ್ಲಿಷಿನಲ್ಲಿ ರೂಢಿಯಲ್ಲಿರುವ ಈ ಪದಪುಂಜವನ್ನು ಉದ್ಯೋಗದ ಅರ್ಜಿಗಳಲ್ಲಿ, ಪತ್ರಿಕಾ ಪ್ರಕಟಣೆಗಳಲ್ಲಿ, ಪುಸ್ತಕ ವಿಮರ್ಶೆಗಳಲ್ಲಿ ಇಂದಿಗೂ ತಪ್ಪಾಗಿ ಬರೆಯುವವರ ಸಂಖ್ಯೆ ಕಡಿಮೆಯೇನಲ್ಲ. ಆ ಕಾರಣದಿಂದ ಇದರ ಮೂಲ, ಅರ್ಥ ಹಾಗೂ ಸರಿಯಾದ ಬಳಕೆಯ ಕುರಿತು ಇಲ್ಲಿ ವಿವರಿಸಲಾಗಿದೆ.

ಉಚ್ಚಾರ ಒಂದು, ಪದ ಮೂರು

ಇಂಗ್ಲಿಷಿನಲ್ಲಿ ‘ಪೀಕ್’ ಎಂದು ಉಚ್ಚರಿಸಲಾಗುವ ಮೂರು ಬೇರೆ ಬೇರೆ ಪದಗಳು ಬಳಕೆಯಲ್ಲಿವೆ. ಕನ್ನಡ ಲಿಪಿಯಲ್ಲಿ ಬರೆದರೆ ಮೂರೂ ಒಂದೇ. ಏಕೆಂದರೆ ನಮ್ಮ ಲಿಪಿ ಉಚ್ಚಾರವನ್ನು ಹಿಡಿದು ನಡೆಯುತ್ತದೆ. ಇಂಗ್ಲಿಷ್ ಕಾಗುಣಿತವಾದರೋ ಪದದ ಚರಿತ್ರೆಯನ್ನು ಹೊತ್ತು ನಡೆಯುತ್ತದೆ. ಹೀಗಾಗಿ ಇಲ್ಲಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವುದು ಅನಿವಾರ್ಯ.

ಮೊದಲನೆಯದು: ಪಿ, ಐ, ಕ್ಯೂ, ಯು, ಇ ಎಂಬ ಐದು ಅಕ್ಷರಗಳ ಪದ. ಕೆರಳಿಸು, ಕೆಣಕು, ಚುಚ್ಚು ಎಂಬುದು ಇದರ ಅರ್ಥ. ಕುತೂಹಲ, ಆಸಕ್ತಿಗಳ ಜೊತೆ ಬರಬೇಕಾದದ್ದು ಇದೇ ಪದ. ಈ ಲೇಖನದಲ್ಲಿ ಇದನ್ನು ‘ಕ್ಯೂ-ಪೀಕ್’ ಎಂದು ಕರೆಯೋಣ.

ಎರಡನೆಯದು: ಪಿ, ಇ, ಎ, ಕೆ. ಶಿಖರ, ತುದಿ, ಉತ್ತುಂಗ ಎಂಬುದು ಇದರ ಅರ್ಥ. ಕ್ರಿಯಾಪದವಾದಾಗ ‘ಉತ್ತುಂಗ ತಲುಪು’ ಎಂದಾಗುತ್ತದೆ.

ಮೂರನೆಯದು: ಪಿ, ಇ, ಇ, ಕೆ. ಇಣುಕು, ಕದ್ದು ನೋಡು, ಇಣುಕುನೋಟ ಎಂಬುದು ಇದರ ಅರ್ಥ.

ಕೆರಳು, ಏರು, ಇಣುಕು ಎಂಬ ಮೂರು ಕ್ರಿಯೆಗಳು ಕನ್ನಡದಲ್ಲಿ ಒಂದರೊಡನೊಂದು ಬೆರೆಯುವ ಸಂಭವವೇ ಇಲ್ಲ. ಇಂಗ್ಲಿಷಿನಲ್ಲಿ ಧ್ವನಿಸಾಮ್ಯದಿಂದಾಗಿ ಬೆರೆತುಹೋಗುತ್ತವೆ.

ಚುಚ್ಚುವ ಪದದ ಚರಿತ್ರೆ

ಕ್ಯೂ-ಪೀಕ್ ಇಂಗ್ಲಿಷಿನ ಸ್ವಂತ ಪದವಲ್ಲ. ಫ್ರೆಂಚ್ ಭಾಷೆಯ ‘ಪೀಕೆ’ ಎಂಬ ಕ್ರಿಯಾಪದ ಇದರ ಮೂಲ. ಚುಚ್ಚು, ಕುಟುಕು ಎಂಬುದು ಅಲ್ಲಿನ ಅರ್ಥ. ನಾಮಪದವಾಗಿ ಇದು 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಆಗ ಇದ್ದ ಅರ್ಥ ಮುನಿಸು, ಮನಸ್ತಾಪ. ಕ್ರಿಯಾಪದದ ಬಳಕೆ 17ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಣಿಸಿಕೊಂಡಿತು. ಒಬ್ಬರ ಅಭಿಮಾನವನ್ನು ಚುಚ್ಚಿದರೆ ಮುನಿಸು ಹುಟ್ಟುತ್ತದೆ. ಬುದ್ಧಿಯನ್ನು ಚುಚ್ಚಿದರೆ ಕುತೂಹಲ ಹುಟ್ಟುತ್ತದೆ. ಈ ಎರಡೂ ಅರ್ಥಗಳು ಇಂದಿಗೂ ಜೀವಂತವಾಗಿವೆ.

ಇದೇ ಮೂಲದ ಇತರ ಪದಗಳೂ ನಮಗೆ ಅಪರಿಚಿತವಲ್ಲ. ನಾಲಿಗೆಯನ್ನು ಚುರುಗುಟ್ಟಿಸುವ ರುಚಿಗೆ ಇಂಗ್ಲಿಷಿನಲ್ಲಿ ‘ಪೀಕಂಟ್’ ಎನ್ನುತ್ತಾರೆ. ಅದು ಇದೇ ಕುಟುಂಬದ್ದು. ಪೋಲೊ ಟಿ-ಶರ್ಟುಗಳಿಗೆ ಬಳಸುವ, ಮೈಮೇಲೆ ಸಣ್ಣ ಉಬ್ಬು-ತಗ್ಗುಗಳಿರುವ ಬಟ್ಟೆಯ ಹೆಸರು ‘ಪೀಕೆ’. ಅದೂ ಇದೇ ಮೂಲದ್ದು. ಇನ್ನು ಸ್ವಾತಂತ್ರ್ಯ ಚಳವಳಿಯ ಇತಿಹಾಸ ಓದಿದ ಕನ್ನಡಿಗರಿಗೆಲ್ಲ ಗೊತ್ತಿರುವ ‘ಪಿಕೆಟಿಂಗ್’ ಎಂಬ ಪದವನ್ನೇ ನೋಡಿ. ವಿದೇಶಿ ಬಟ್ಟೆಯ ಅಂಗಡಿಗಳೆದುರು, ಸೇಂದಿ ಅಂಗಡಿಗಳೆದುರು ನಡೆದ ಪಿಕೆಟಿಂಗ್ ನಮ್ಮ ಪಠ್ಯಪುಸ್ತಕಗಳಲ್ಲಿಯೂ ಬಂದಿದೆ. ನೆಲಕ್ಕೆ ನೆಡುವ ಮೊನಚಾದ ಗೂಟಕ್ಕೆ ಫ್ರೆಂಚಿನಲ್ಲಿದ್ದ ಹೆಸರು ಮೊದಲು ಕಾವಲು ನಿಂತ ಸೈನಿಕರಿಗೆ, ಅನಂತರ ಅಂಗಡಿ ಅಥವಾ ಕಾರ್ಖಾನೆಯೆದುರು ನಿಂತು ಪ್ರತಿಭಟಿಸುವವರಿಗೆ ಅನ್ವಯವಾಯಿತು. ಆ ಗೂಟದ ಹೆಸರಿನ ಮೂಲವೂ ಚುಚ್ಚು ಎಂಬ ಅರ್ಥದ ಕ್ರಿಯಾಪದವೇ.

ಹೀಗೆ ಮೊನೆ, ಚುಚ್ಚುವಿಕೆ ಎಂಬ ಕಲ್ಪನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪದದ ಅರ್ಥ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ಕನ್ನಡದ ‘ಕೆರಳಿಸು’ ಮತ್ತು ಕ್ಯೂ-ಪೀಕ್

ಗಮನಾರ್ಹ ಸಂಗತಿಯೆಂದರೆ, ಕ್ಯೂ-ಪೀಕ್ ಪದಕ್ಕೆ ಬಹುಮಟ್ಟಿಗೆ ಸರಿಹೊಂದುವ ಕನ್ನಡ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ. ‘ಕೆರಳಿಸು’ ಎಂಬ ಪದವನ್ನು ನಾವು ಕೋಪಕ್ಕೂ ಬಳಸುತ್ತೇವೆ, ಕುತೂಹಲಕ್ಕೂ ಬಳಸುತ್ತೇವೆ. ‘ಆ ಮಾತು ಅವರನ್ನು ಕೆರಳಿಸಿತು’ ಎಂದರೆ ಸಿಟ್ಟು ಬಂತು ಎಂದರ್ಥ. ‘ಆ ಮಾತು ಅವರ ಕುತೂಹಲವನ್ನು ಕೆರಳಿಸಿತು’ ಎಂದರೆ ತಿಳಿಯುವ ಹಂಬಲ ಹುಟ್ಟಿತು ಎಂದರ್ಥ. ಕರ್ಮಪದ ಬದಲಾದೊಡನೆ ಅರ್ಥ ಬದಲಾಗುತ್ತದೆ.

ಇಂಗ್ಲಿಷಿನಲ್ಲಿಯೂ ಹೀಗೆಯೇ. ಕ್ಯೂ-ಪೀಕ್ ಮುಂದೆ ‘ಕ್ಯೂರಿಯಾಸಿಟಿ’ ಅಥವಾ ‘ಇಂಟರೆಸ್ಟ್’ ಎಂಬ ಪದವಿದ್ದರೆ ಕುತೂಹಲ ಹುಟ್ಟಿತು ಎಂದಾಗುತ್ತದೆ. ಅವುಗಳ ಬದಲು ವ್ಯಕ್ತಿಯೇ ಇದ್ದರೆ ಆ ವ್ಯಕ್ತಿಗೆ ಬೇಸರವಾಯಿತು, ಅಭಿಮಾನಕ್ಕೆ ಪೆಟ್ಟು ಬಿತ್ತು ಎಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ.

ಉದ್ಯೋಗದ ಅರ್ಜಿ ಬರೆಯುವವರು ಎಡವುವುದು ಇಲ್ಲಿಯೇ. ‘ನಿಮ್ಮ ಜಾಹೀರಾತು ನನ್ನ ಆಸಕ್ತಿಯನ್ನು ಕೆರಳಿಸಿತು’ ಎನ್ನಬೇಕಾದ ಕಡೆ ಆಸಕ್ತಿ ಎಂಬ ಪದವನ್ನು ಕೈಬಿಟ್ಟು, ‘ಐ ವಾಸ್ ಪೀಕ್ಡ್ ಬೈ ಯುವರ್ ಅಡ್ವರ್ಟೈಸ್‌ಮೆಂಟ್’ ಎಂದು ಬರೆದರೆ ಕಾಗುಣಿತ ಸರಿಯಾಗಿದ್ದರೂ ಅರ್ಥ ಕೆಡುತ್ತದೆ. ‘ನಿಮ್ಮ ಜಾಹೀರಾತಿನಿಂದ ನಾನು ಕೆರಳಿದೆ’ ಎಂಬ ಭಾವ ಓದುವವರಿಗೆ ಬರುತ್ತದೆ. ಕೆಲಸ ಕೇಳಲು ಹೋದವರು ಜಗಳಕ್ಕೆ ಹೋದಂತೆ ಕಾಣುವುದು ಯಾರಿಗೂ ಬೇಕಾದ ಸಂಗತಿಯಲ್ಲ.

ಬಳಕೆಯ ನಿಯಮಗಳು

1. ಕ್ಯೂ-ಪೀಕ್ ಸಕರ್ಮಕ ಕ್ರಿಯಾಪದ. ಸಕರ್ಮಕವನ್ನು ಗುರುತಿಸಲು ‘ಏನನ್ನು?’ ಎಂಬ ಪ್ರಶ್ನೆ ಕೇಳಬೇಕೆಂದು ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಎಲ್ಲರೂ ಕಲಿತಿದ್ದಾರೆ. ಅದೇ ಪರೀಕ್ಷೆ ಇಲ್ಲಿಯೂ ಸಾಕು. ಪುಸ್ತಕದ ಮುಖಪುಟ ಏನನ್ನು ಕೆರಳಿಸಿತು? ಕುತೂಹಲವನ್ನು. ಉತ್ತರ ದೊರೆಯಿತು, ಆದ್ದರಿಂದ ಕ್ಯೂ-ಪೀಕ್ ಸರಿ.

2. ಶಿಖರದ ಪೀಕ್ ಸಾಮಾನ್ಯವಾಗಿ ಅಕರ್ಮಕ. ‘ಚುನಾವಣೆಯ ಹಿಂದಿನ ದಿನ ಜನರ ಆಸಕ್ತಿ ಉತ್ತುಂಗ ತಲುಪಿತು’ ಎಂಬ ವಾಕ್ಯದಲ್ಲಿ ‘ಏನನ್ನು?’ ಎಂಬ ಪ್ರಶ್ನೆಗೆ ಎಡೆಯಿಲ್ಲ. ಇಲ್ಲಿ ಶಿಖರದ ಪೀಕ್ ಸರಿ. ಅಂದರೆ ಆಸಕ್ತಿ ಎಂಬ ಪದದ ಪಕ್ಕದಲ್ಲಿ ಶಿಖರದ ಪೀಕ್ ಕಂಡೊಡನೆ ತಪ್ಪೆಂದು ತೀರ್ಮಾನಿಸುವುದೂ ಸಲ್ಲದು. ಹೇಳಬೇಕಾದ ಮಾತು ಯಾವುದು ಎಂಬುದನ್ನು ನೋಡಬೇಕು.

3. ಭೂತಕಾಲದಲ್ಲಿ ಕ್ಯೂ-ಪೀಕ್‌ಗೆ ಕೊನೆಯಲ್ಲಿ ‘ಡಿ’ ಮಾತ್ರ ಸೇರುತ್ತದೆ. ‘ಐಎನ್‌ಜಿ’ ಸೇರಿಸುವಾಗ ಕೊನೆಯ ‘ಇ’ ಬಿಟ್ಟುಹೋಗುತ್ತದೆ. ‘ಕ್ಯೂ’ ಮತ್ತು ‘ಯು’ ಎರಡೂ ಉಳಿಯುತ್ತವೆ. ‘ಕ್ಯೂ’ಗೆ ಮೊದಲು ‘ಸಿ’ ಅಕ್ಷರ ಸೇರಿಸುವುದು ತಪ್ಪು.

4. ಕರ್ಮಣಿ ಪ್ರಯೋಗವೂ ಸಾಧು. ‘ಮೈ ಕ್ಯೂರಿಯಾಸಿಟಿ ವಾಸ್ ಪೀಕ್ಡ್’ ಎಂದು ಬರೆಯಬಹುದು. ಇಲ್ಲಿಯೂ ಕ್ಯೂ-ಪೀಕ್ ಬೇಕು.

5. ಕುತೂಹಲ ಮತ್ತು ಆಸಕ್ತಿ ಇವೆರಡೂ ಕ್ಯೂ-ಪೀಕ್‌ನ ಸಹಜ ಸಂಗಾತಿಗಳು. ‘ಅಟೆನ್ಷನ್’ ಅಂದರೆ ಗಮನ ಸೆಳೆಯುವುದನ್ನು ಹೇಳಬೇಕಾದಾಗ ‘ಗ್ರ್ಯಾಬ್’, ‘ಕ್ಯಾಚ್’, ‘ಅಟ್ರ್ಯಾಕ್ಟ್’ ಮೊದಲಾದ ಕ್ರಿಯಾಪದಗಳು ಹೆಚ್ಚು ಸಹಜ.

6. ‘ಇನ್ ಎ ಫಿಟ್ ಆಫ್ ಪೀಕ್’ ಎಂಬ ನುಡಿಗಟ್ಟು ರಾಜಕೀಯ ವರದಿಗಳಲ್ಲಿ ಆಗಾಗ್ಗೆ ಬರುತ್ತದೆ. ಇಲ್ಲಿರುವುದೂ ಕ್ಯೂ-ಪೀಕ್. ನಾಯಕರೊಬ್ಬರು ಹೀಗೆ ರಾಜೀನಾಮೆ ಕೊಟ್ಟರೆಂದರೆ ‘ಮುನಿಸಿನ ಭರದಲ್ಲಿ’ ಕೊಟ್ಟರು ಎಂದರ್ಥ. ‘ಜನಪ್ರಿಯತೆಯ ಉತ್ತುಂಗದಲ್ಲಿ’ ಎಂದು ಅನುವಾದಿಸಿದರೆ ಸುದ್ದಿಯೇ ತಲೆಕೆಳಗಾಗುತ್ತದೆ.

ತಪ್ಪು ಏಕೆ ಆಗುತ್ತದೆ?

ಮೂರು ಪದಗಳಲ್ಲಿ ನಮ್ಮ ನಿತ್ಯದ ಮಾತಿಗೆ ಹೆಚ್ಚು ಹತ್ತಿರವಾದದ್ದು ಶಿಖರದ ಪೀಕ್. ಬೆಂಗಳೂರಿನ ಸಂಚಾರದ ಬಗ್ಗೆ ಮಾತನಾಡುವಾಗ ‘ಪೀಕ್ ಅವರ್’ ಎನ್ನುತ್ತೇವೆ. ವಿದ್ಯುತ್ ಪೂರೈಕೆಯ ವರದಿಗಳಲ್ಲಿ ‘ಪೀಕ್ ಲೋಡ್’ ಬರುತ್ತದೆ. 2020 ಮತ್ತು 2021ರಲ್ಲಿ ಕೋವಿಡ್ ಸೋಂಕು ‘ಪೀಕ್’ ತಲುಪುವುದು ಯಾವಾಗ ಎಂಬ ಚರ್ಚೆ ಕನ್ನಡದ ಪತ್ರಿಕೆ, ವಾಹಿನಿಗಳಲ್ಲೆಲ್ಲ ನಡೆಯಿತು. ಕಿವಿಗೆ ‘ಪೀಕ್’ ಬಿದ್ದೊಡನೆ ಕೈ ಪರಿಚಿತ ಕಾಗುಣಿತವನ್ನೇ ಬರೆಯುತ್ತದೆ.

ಎರಡನೆಯದಾಗಿ, ಆಸಕ್ತಿ ಏರುವುದು ಎಂಬ ಕಲ್ಪನೆಯೂ ತೀರಾ ಅಸಂಗತವಲ್ಲ. ಹಾಗಾಗಿ ತಪ್ಪು ಪದವೂ ಸರಿಯೆಂದೇ ತೋರುತ್ತದೆ. ಹೀಗೆ ಧ್ವನಿಸಾಮ್ಯವೂ ಇದ್ದು, ಮೇಲ್ನೋಟಕ್ಕೆ ಅರ್ಥವೂ ಹೊಂದುವಂತಹ ತಪ್ಪುಗಳಿಗೆ ಭಾಷಾವಿಜ್ಞಾನಿಗಳು ‘ಎಗ್‌ಕಾರ್ನ್’ ಎಂದು ಹೆಸರಿಟ್ಟಿದ್ದಾರೆ. ಓಕ್ ಮರದ ಕಾಯಿಗೆ ಇಂಗ್ಲಿಷಿನಲ್ಲಿ ‘ಏಕಾರ್ನ್’ ಎನ್ನುತ್ತಾರೆ. ಅದನ್ನು ಯಾರೋ ‘ಎಗ್ ಕಾರ್ನ್’ ಎಂದು ಬರೆದ ಪ್ರಸಂಗದ ಚರ್ಚೆಯಲ್ಲಿ 2003ರಲ್ಲಿ ಭಾಷಾವಿಜ್ಞಾನಿ ಜೆಫ್ರಿ ಪುಲ್ಲಮ್ ಈ ಹೆಸರನ್ನು ಸೂಚಿಸಿದರು. ಇದರಿಂದ ತಿಳಿಯುವುದೇನೆಂದರೆ, ಇಂತಹ ತಪ್ಪು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರದು ಮಾತ್ರವಲ್ಲ. ಇಂಗ್ಲಿಷೇ ಮಾತೃಭಾಷೆಯಾದವರೂ ಇದನ್ನು ಮಾಡುತ್ತಾರೆ.

ಮೂರನೆಯದಾಗಿ, ಕಂಪ್ಯೂಟರಿನ ಸಾಮಾನ್ಯ ಕಾಗುಣಿತ ಪರೀಕ್ಷಕ ಈ ತಪ್ಪನ್ನು ಹಿಡಿಯದು. ಮೂರೂ ಪದಗಳು ನಿಘಂಟಿನಲ್ಲಿರುವ ಶುದ್ಧ ಪದಗಳೇ ಆದ್ದರಿಂದ ಕೆಂಪು ಗೆರೆ ಮೂಡುವುದಿಲ್ಲ. ವಾಕ್ಯದ ಸಂದರ್ಭವನ್ನೂ ಗಮನಿಸುವ ತಂತ್ರಾಂಶಗಳು ಈಗ ಬಂದಿವೆಯಾದರೂ ಕೊನೆಯ ಹೊಣೆ ಬರೆಯುವವರದೇ.

ಕನ್ನಡದಲ್ಲಿಯೂ ಇದಕ್ಕೆ ಸಮಾನವಾದ ತೊಡಕು ಇದೆ. ‘ಮಧ್ಯ’ ಎಂದರೆ ನಡು, ‘ಮದ್ಯ’ ಎಂದರೆ ಹೆಂಡ. ಆಡುಮಾತಿನಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಅಂತರ ಅಳಿಸಿಹೋಗುವುದರಿಂದ ಬರವಣಿಗೆಯಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕೂರುತ್ತದೆ. ‘ಮಧ್ಯ ಕರ್ನಾಟಕ’ ಎಂಬುದು ‘ಮದ್ಯ ಕರ್ನಾಟಕ’ ಎಂದು ಅಚ್ಚಾದರೆ ಓದುಗರು ನಗುತ್ತಾರೆ. ‘ಮದ್ಯ ನಿಷೇಧ’ ಎಂಬುದು ‘ಮಧ್ಯ ನಿಷೇಧ’ವಾದರೆ ಅರ್ಥವೇ ಉಳಿಯದು. ಎರಡೂ ನಿಘಂಟಿನ ಪದಗಳೇ. ಈ ತಪ್ಪನ್ನು ನಮ್ಮಲ್ಲಿ ನಾವು ಹೇಗೆ ಗುರುತಿಸುತ್ತೇವೆಯೋ ಪೀಕ್‌ಗಳ ತಪ್ಪನ್ನು ಇಂಗ್ಲಿಷ್ ಬಲ್ಲವರು ಹಾಗೆಯೇ ಗುರುತಿಸುತ್ತಾರೆ.

ಇಣುಕುವ ಪೀಕ್

ಮೂರನೆಯ ಪೀಕ್ ಅಷ್ಟಾಗಿ ಕುತೂಹಲದ ಜೊತೆ ಬೆರೆಯುವುದಿಲ್ಲವಾದರೂ ಚಲನಚಿತ್ರ ಮತ್ತು ವಾಣಿಜ್ಯ ಸುದ್ದಿಗಳಲ್ಲಿ ತೊಂದರೆ ಕೊಡುತ್ತದೆ. ಬಿಡುಗಡೆಗೆ ಮುನ್ನ ಚಿತ್ರದ ಒಂದು ತುಣುಕನ್ನು ತೋರಿಸುವುದಕ್ಕೆ ‘ಸ್ನೀಕ್ ಪೀಕ್’ ಎನ್ನುತ್ತಾರೆ. ಇಲ್ಲಿ ಬೇಕಾದದ್ದು ಎರಡು ‘ಇ’ಗಳಿರುವ ಪದ. ಆದರೆ ಮೊದಲ ಪದವಾದ ‘ಸ್ನೀಕ್’ನಲ್ಲಿ ‘ಇ’, ‘ಎ’ ಇರುವುದರಿಂದ ಎರಡನೆಯದರಲ್ಲಿಯೂ ಅದೇ ಜೋಡಿ ನುಸುಳಿ ಶಿಖರದ ಪೀಕ್ ಆಗಿಬಿಡುತ್ತದೆ. ಕನ್ನಡದಲ್ಲಿ ‘ಇಣುಕುನೋಟ’ ಎಂಬ ಸುಂದರ ಪದವಿರುವಾಗ ಇದರ ಗೊಡವೆಯೇ ಬೇಡ ಎಂಬುದು ಡೆಸ್ಕಿನ ಹಿರಿಯರ ಸಲಹೆ.

ಇದೇ ಜಾತಿಯ ಇನ್ನೊಂದು ತೊಡಕು

ಕುತೂಹಲ, ಹಸಿವು, ಆಸೆಗಳನ್ನು ಹೆಚ್ಚಿಸು ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ವೆಟ್’ ಎಂಬ ಇನ್ನೊಂದು ಕ್ರಿಯಾಪದವಿದೆ. ಡಬ್ಲ್ಯು, ಎಚ್, ಇ, ಟಿ ಅದರ ಅಕ್ಷರಗಳು. ಹರಿತಗೊಳಿಸು, ಸಾಣೆ ಹಿಡಿ ಎಂಬುದು ಮೂಲ ಅರ್ಥ. ಸಾಣೆಕಲ್ಲಿಗೆ ಇಂಗ್ಲಿಷಿನಲ್ಲಿ ‘ವೆಟ್‌ಸ್ಟೋನ್’ ಎನ್ನುವುದು ಇದರಿಂದಲೇ. ಇದನ್ನು ‘ಎಚ್’ ಇಲ್ಲದೆ ಬರೆದರೆ ‘ಒದ್ದೆ ಮಾಡು’ ಎಂಬ ಬೇರೆಯೇ ಪದವಾಗುತ್ತದೆ. ಬಾಯಲ್ಲಿ ನೀರೂರುವ ಚಿತ್ರ ಕಣ್ಣೆದುರು ಬರುವುದರಿಂದ ‘ಹಸಿವನ್ನು ಒದ್ದೆ ಮಾಡು’ ಎಂಬ ತಪ್ಪೂ ಸರಿಯೆಂಬಂತೆ ಕಾಣುತ್ತದೆ. ಕುತೂಹಲವನ್ನು ಕ್ಯೂ-ಪೀಕ್ ಚುಚ್ಚಿ ಎಬ್ಬಿಸುತ್ತದೆ. ವೆಟ್ ಸಾಣೆ ಹಿಡಿದು ಚುರುಕುಗೊಳಿಸುತ್ತದೆ. ಇವೆರಡರ ನಡುವಣ ಸೂಕ್ಷ್ಮ ವ್ಯತ್ಯಾಸ ಇಷ್ಟೇ.

ನೆನಪಿಟ್ಟುಕೊಳ್ಳುವ ಬಗೆ

ವಿದ್ಯಾರ್ಥಿಗಳಿಗೆ ಉಪಯುಕ್ತವಾಗಬಹುದಾದ ಕೆಲವು ಗುರುತುಗಳು ಹೀಗಿವೆ:

- ಶಿಖರದ ಪೀಕ್‌ನಲ್ಲಿ ‘ಎ’ ಅಕ್ಷರವಿದೆ. ದೊಡ್ಡಕ್ಷರದ ‘ಎ’ ಬರೆದು ನೋಡಿ: ಅದು ಬೆಟ್ಟದ ತುದಿಯಂತೆಯೇ ಇದೆ.

- ಇಣುಕುವ ಪೀಕ್‌ನಲ್ಲಿ ಎರಡು ‘ಇ’ಗಳಿವೆ. ಇಣುಕಲು ಬೇಕಾದ ಕಣ್ಣುಗಳೂ ಎರಡು. ಇಂಗ್ಲಿಷಿನ ‘ಐ’ ಅಂದರೆ ಕಣ್ಣು ಎಂಬ ಪದದಲ್ಲಿಯೂ ಎರಡು ‘ಇ’ಗಳೇ.

- ಕೆರಳಿಸುವ ಪೀಕ್‌ನಲ್ಲಿ ‘ಕ್ಯೂ’ ಇದೆ. ‘ಕ್ವೆಶ್ಚನ್’ ಅಂದರೆ ಪ್ರಶ್ನೆ ಎಂಬ ಪದವೂ ‘ಕ್ಯೂ’ದಿಂದಲೇ ಆರಂಭವಾಗುತ್ತದೆ. ಕುತೂಹಲ ಕೆರಳಿದಾಗ ಹುಟ್ಟುವುದು ಪ್ರಶ್ನೆಯೇ.

- ಕಾಗುಣಿತ ಮರೆತರೆ ‘ಯುನೀಕ್’, ‘ಟೆಕ್ನೀಕ್’, ‘ಆಂಟೀಕ್’, ‘ಬೊಟೀಕ್’ ಎಂಬ ಪದಗಳನ್ನು ನೆನೆಯಿರಿ. ಇವೆಲ್ಲವೂ ಫ್ರೆಂಚ್ ದಾರಿಯಲ್ಲಿ ಬಂದು, ಕೊನೆಯಲ್ಲಿ ಅದೇ ‘ಐ, ಕ್ಯೂ, ಯು, ಇ’ ಹೊಂದಿವೆ. ಅವುಗಳ ಬಾಲಕ್ಕೆ ‘ಪಿ’ ಎಂಬ ತಲೆ ಸೇರಿಸಿದರೆ ಕ್ಯೂ-ಪೀಕ್ ಸಿದ್ಧ.

ಅನುವಾದಕರಿಗೆ ಸೂಚನೆ

ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಕಾಗುಣಿತವನ್ನು ಮಾತ್ರ ನಂಬಿ ನಡೆಯಬಾರದು ಎಂಬುದು ಈ ವರದಿಗಾರ ಕಲಿತ ಪಾಠ. ವಾಕ್ಯದಲ್ಲಿ ಶಿಖರದ ಪೀಕ್ ಇದ್ದು ಅದರ ಮುಂದೆ ಆಸಕ್ತಿ ಎಂಬ ಕರ್ಮಪದ ಕಂಡರೆ ಮೂಲದಲ್ಲಿಯೇ ತಪ್ಪಿರುವ ಸಾಧ್ಯತೆ ಹೆಚ್ಚು. ಮುಂದಿನ ಎರಡು ವಾಕ್ಯಗಳನ್ನು ಓದಿ, ಮಾತು ಆರಂಭದ್ದೋ ಉತ್ತುಂಗದ್ದೋ ಎಂದು ನಿರ್ಧರಿಸಬೇಕು. ಅನುಮಾನ ಉಳಿದರೆ ಪ್ರಕಟಣೆ ಕಳುಹಿಸಿದವರನ್ನು ಕೇಳಬೇಕು. ಒಂದು ಕರೆಯಿಂದ ತಪ್ಪುವ ತಿದ್ದುಪಡಿಗೆ ಮರುದಿನದ ಪುಟದಲ್ಲಿ ಜಾಗ ಹುಡುಕಬೇಕಾಗಿಲ್ಲ.

ಕನ್ನಡದಲ್ಲಿ ಸಂದರ್ಭಕ್ಕೆ ತಕ್ಕಂತೆ ‘ಕುತೂಹಲ ಕೆರಳಿಸಿತು’, ‘ಕುತೂಹಲ ಮೂಡಿಸಿತು’, ‘ಆಸಕ್ತಿ ಹುಟ್ಟಿಸಿತು’ ಎಂದು ಬರೆಯಬಹುದು. ಗಂಭೀರ ಬರಹಕ್ಕೆ ‘ಮೂಡಿಸು’, ಚುರುಕಾದ ಸುದ್ದಿಗೆ ‘ಕೆರಳಿಸು’ ಒಪ್ಪುತ್ತದೆ. ಸಾವು, ಅಪಘಾತ, ಅಪರಾಧಗಳ ವರದಿಯಲ್ಲಿ ‘ಕುತೂಹಲ ಕೆರಳಿಸಿದೆ’ ಎಂದು ಬರೆಯದಿರುವುದು ಒಳಿತು. ನೊಂದವರ ಮನೆಯ ಸಂಗತಿ ಇತರರ ಕುತೂಹಲದ ವಸ್ತುವಾಗಬಾರದು. ಅಂತಹ ಕಡೆ ‘ಪ್ರಶ್ನೆಗಳು ಎದ್ದಿವೆ’ ಎಂದರೆ ಸಾಕು.

ಕೊನೆಯ ಮಾತು

ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಾದ ಯುವಕ ಯುವತಿಯರು ನಮ್ಮ ನಡುವೆ ಅಪಾರ ಸಂಖ್ಯೆಯಲ್ಲಿದ್ದಾರೆ. ಅವರ ಜ್ಞಾನ, ಪರಿಶ್ರಮಗಳನ್ನು ಅಳೆಯುವ ಮೊದಲೇ ಅರ್ಜಿಯ ಮೊದಲ ಸಾಲಿನ ಒಂದು ಪದ ಅವರ ಬಗ್ಗೆ ಅಭಿಪ್ರಾಯ ರೂಪಿಸಿಬಿಡುವುದುಂಟು. ಅದು ನ್ಯಾಯವೇ ಎಂಬ ಪ್ರಶ್ನೆ ಬೇರೆ. ಆದರೆ ಕುತೂಹಲ ಕೆರಳಿಸು ಎಂಬ ಮಾತು ಬರುವುದು ಸಾಮಾನ್ಯವಾಗಿ ಆ ಮೊದಲ ಸಾಲಿನಲ್ಲಿಯೇ ಎಂಬುದನ್ನು ಮರೆಯುವಂತಿಲ್ಲ. ಅನುಮಾನವಿದ್ದರೆ ಆ ಪದಪುಂಜವನ್ನೇ ಬಿಟ್ಟು, ‘ಈ ಹುದ್ದೆಯಲ್ಲಿ ನನಗೆ ಆಸಕ್ತಿಯಿದೆ’ ಎಂಬ ಅರ್ಥದ ಸರಳ ವಾಕ್ಯ ಬರೆಯುವುದರಿಂದ ನಷ್ಟವೇನೂ ಇಲ್ಲ. ಬಳಸಲೇಬೇಕೆಂದರೆ ಅಕ್ಷರ ಐದು, ನಡುವೆ ‘ಕ್ಯೂ’, ಮುಂದೆ ಕುತೂಹಲ ಅಥವಾ ಆಸಕ್ತಿ ಎಂಬ ಪದ. ಈ ಮೂರನ್ನು ನೋಡಿಕೊಂಡರೆ ಪೀಕಲಾಟವಿಲ್ಲ.

ಇನ್ನು ತಪ್ಪು ಬರೆದವರನ್ನು ಕಂಡು ನಗುವವರಿಗೂ ಒಂದು ಮಾತು. ಅಂದು ಶಾಸನದ ಸುದ್ದಿಯ ಪ್ರಕಟಣೆ ಬರೆದವರು ಇಂಗ್ಲಿಷಿನಲ್ಲಿ ಪಳಗಿದವರೇ ಆಗಿದ್ದರು. ಕರೆ ಮಾಡಿ ಆಕ್ಷೇಪಿಸಿದ ಅವರಿಗೆ ಅವರದೇ ವಾಕ್ಯವನ್ನು ಓದಿ ಹೇಳಿದಾಗಲೂ ತಪ್ಪು ಕೇಳಿಸಲಿಲ್ಲ. ಓದಿದಾಗ ಮೂರೂ ಪೀಕ್‌ಗಳು ಒಂದೇ ತಾನೇ! ಅಕ್ಷರ ಅಕ್ಷರವಾಗಿ ಹೇಳಿದ ಮೇಲಷ್ಟೇ ಅವರು ಒಂದು ಕ್ಷಣ ಸುಮ್ಮನಾಗಿ, ತಿದ್ದುಪಡಿಯ ಒಕ್ಕಣೆಯನ್ನು ತಾವೇ ಬರೆದು ಕಳುಹಿಸುವುದಾಗಿ ತಿಳಿಸಿದರು. ಅದರಲ್ಲಿ ‘ಆಸಕ್ತಿ ಕೆರಳಿಸಿದೆ’ ಎಂದು ಕನ್ನಡದಲ್ಲಿಯೇ ಬರೆದಿದ್ದರು.